ರಾಟೆ ತಿಂದ ನಾಲ್ಕನೆಯ ಕಲ್ಲು

ಎಷ್ಟು ವರ್ಷದ ಹಿಂದಿನ ಮಾತು ಅಂತ ಯಾರೂ ಕೇಳಬಾರದು. ಕೇಳಿದರೆ ಹೇಳುವವರೂ ಇಲ್ಲ. ಈಗಿನ ಮುದುಕರ ಅಜ್ಜಿಯರು ಕಂಕುಳ ಕೂಸಾಗಿದ್ದಾಗಲೇ ಇದು ಹಳೆಯ ಕತೆಯಾಗಿತ್ತಂತೆ. ಆ ಕಾಲದಲ್ಲಿ, ಬಯಲುಸೀಮೆಯ ಒಂದು ಮಗ್ಗುಲಲ್ಲಿ, ಕರೇಗುಂಡಿನಹಳ್ಳಿ ಎಂಬುದೊಂದು ಊರು. ಊರಿಗೆಲ್ಲ ಒಂದೇ ಬಾವಿ. ಬಾವಿ ಅಂದರೆ ಈಗಿನ ಹಾಗೆ ಅಂಗೈಯಗಲದ ತೂತಲ್ಲ. ಒಳಗೆ ಮದುವೆ ಚಪ್ಪರ ಹಾಕಬಹುದಾದಷ್ಟು ಅಗಲ, ಕಲ್ಲು ಎಸೆದು ಸದ್ದಿಗೆ ಕಿವಿಗೊಟ್ಟು ನಿಂತರೆ ಎಲೆಯಡಿಕೆ ಮಡಿಸುವಷ್ಟು ಹೊತ್ತು ಕಾಯಬೇಕಾದಷ್ಟು ಆಳ. ಅಷ್ಟು ಆಳ ಇದ್ದಿರಲಿಕ್ಕಿಲ್ಲ ಬಿಡಿ, ಆದರೆ ಹಾಗಂತಾರೆ.

ಆ ಬಾವಿಯಿಂದ ನೀರೆತ್ತುತ್ತಿದ್ದದ್ದು ಕಪಿಲೆಯಲ್ಲಿ. ಕಪಿಲೆ ನೋಡದವರಿಗೆ ಎರಡು ಮಾತು ಹೇಳಬೇಕು. ಬಾವಿಯ ಬಾಯಿಗೆ ಎರಡು ಕಲ್ಲುಕಂಬ, ಕಂಬಗಳ ನಡುವೆ ಮರದ ಅಚ್ಚು, ಅಚ್ಚಿನ ಮೇಲೆ ದೊಡ್ಡ ಮರದ ರಾಟೆ. ರಾಟೆಯ ಮೇಲೆ ಹಾದ ಹಗ್ಗದ ಒಂದು ತುದಿಗೆ ತೊಗಲಿನ ದೊಡ್ಡ ಚೀಲ, ಇನ್ನೊಂದು ತುದಿಗೆ ಎತ್ತಿನ ಜೋಡಿ. ಬಾವಿಯ ಕಡೆಯಿಂದ ಇಳಿಜಾರು ಮಾಡಿರುತ್ತಾರೆ. ಎತ್ತುಗಳು ಇಳಿಜಾರಿನಲ್ಲಿ ಕೆಳಗೆ ಹೋದಂತೆ ಚೀಲ ಮೇಲೆ ಬರುತ್ತದೆ, ಬಂದು ಕಾಲುವೆಗೆ ಸುರಿಯುತ್ತದೆ. ಎತ್ತು ಹೊಡೆಯುವವನು ಬಿಗಿದ ಹಗ್ಗದ ಮೇಲೆ ಕುದುರೆಯೇರಿದ ಹಾಗೆ ಕೂತುಬಿಡುತ್ತಿದ್ದ. ಅವನ ಭಾರವೂ ಎಳೆತಕ್ಕೆ ಸೇರಲಿ ಅಂತ. ಹೊಟ್ಟೆ ಇದ್ದವರಿಗೆ ಲೋಕದಲ್ಲಿ ಬೆಲೆ ಇದ್ದದ್ದು ಅದೊಂದೇ ಕೆಲಸದಲ್ಲಿ.

ಕರೇಗುಂಡಿನಹಳ್ಳಿಯ ರಾಟೆ ಹಾಡುತ್ತಿತ್ತಂತೆ. ಹಾಡು ಅಂದದ್ದು ಊರವರು. ಬೇರೆ ಊರವರು ಅದನ್ನು ಕಿರುಚಾಟ ಅನ್ನುತ್ತಿದ್ದರು. ಎತ್ತು ಒಂದು ಹೆಜ್ಜೆ ಇಟ್ಟರೆ ಕುಂಯ್ಯ್ ಎಂದು ಶುರುವಾಗಿ, ಚೀಲ ಮೇಲೆ ಬರುವ ಹೊತ್ತಿಗೆ ಅದು ಏರಿ ಏರಿ, ಬಾಣಂತಿಯ ಕೂಸು ಬೆಚ್ಚುವಂತಾಗುತ್ತಿತ್ತು. ಆ ಹಾಡು ಕೇಳಿಯೇ ಬಾವಿಯ ಗಂಗಮ್ಮ ಮೇಲಕ್ಕೆ ಬರುತ್ತಾಳೆ ಅಂತ ಊರಿನ ನಂಬಿಕೆ. ಆದ್ದರಿಂದ ರಾಟೆಗೆ ಎಣ್ಣೆ ಹಾಕಬಾರದು. ಎಣ್ಣೆ ಬಿದ್ದರೆ ರಾಟೆ ಮೂಕವಾಗುತ್ತದೆ, ರಾಟೆ ಮೂಕವಾದರೆ ನೀರು ಮುನಿಯುತ್ತದೆ. ಹುಲ್ಲು ಸುಟ್ಟ ಬೂದಿಯನ್ನು ಹರಳೆಣ್ಣೆಯಲ್ಲಿ ಕಲಸಿ, ಮಸಿಯಂಥ ಆ ಕೀಲೆಣ್ಣೆಯನ್ನು ಗಾಡಿಯ ಅಚ್ಚಿಗೆ ವಾರವಾರವೂ ಬಳಿಯುತ್ತಿದ್ದ ಜನ, ಬಾವಿಯ ಹತ್ತಿರ ಬರುವಾಗ ಮಾತ್ರ ಕೈಗೆ ಹತ್ತಿದ್ದನ್ನೂ ಮಣ್ಣಿಗೆ ಉಜ್ಜಿಕೊಂಡು ಬರುತ್ತಿದ್ದರಂತೆ. ನೋಡಿ, ಎಂಥ ಜನ!

ಈ ಊರಿನಲ್ಲಿ ಮೂಡ್ಲಕ್ಕ ಎಂಬ ಹೆಂಗಸಿದ್ದಳು. ಗಂಡ ದಾಸಪ್ಪ, ನಶ್ಯದ ಮನುಷ್ಯ, ಯಾರ ಗೊಡವೆಗೂ ಹೋಗದವನು. ಒಂದಿಷ್ಟು ಈರುಳ್ಳಿ ಬೆಳೆಯುವ ಮಡಿ, ಗಿಡ್ಡ ಮತ್ತು ಮಚ್ಚ ಎಂಬ ಎರಡು ಸಣ್ಣ ಎತ್ತು, ಒಂದು ತಕ್ಕಡಿ. ಇಷ್ಟೇ ಆಸ್ತಿ. ಸಂತೆಯಲ್ಲಿ ಈರುಳ್ಳಿ ತೂಗಿ ಮಾರುತ್ತಿದ್ದಳು. ಆದರೆ ಸಂತೆ ಮುಗಿದರೂ ಅವಳ ಕೈಗೆ ತಕ್ಕಡಿ ಬಿಡುವ ಅಭ್ಯಾಸವಿರಲಿಲ್ಲ. ಕೋಳಿಯನ್ನು ಮೊಟ್ಟೆ ಇಡುವ ಮುಂಚೆ ತೂಗಿದಳಂತೆ, ಇಟ್ಟ ಮೇಲೆ ಕೋಳಿಯನ್ನೊಮ್ಮೆ ಮೊಟ್ಟೆಯನ್ನೊಮ್ಮೆ ತೂಗಿದಳಂತೆ. ಒದ್ದೆ ಸೀರೆ ತೂಗಿ, ಒಣಗಿದ ಮೇಲೆ ತೂಗಿ, ಬಿಸಿಲು ಎಷ್ಟು ಕುಡಿಯಿತು ಅಂತ ಲೆಕ್ಕ ಹಾಕಿದಳಂತೆ. ಒಂದು ಸಲ ಒಲೆಗೆ ಇಡುವ ಸೌದೆ ತೂಗಿಟ್ಟುಕೊಂಡು, ಅಡುಗೆಯಾದ ಮೇಲೆ ಬೂದಿ ತೂಗಿ, ಬೂದಿ ಇಷ್ಟೇ ಇಷ್ಟು, ಉಳಿದದ್ದೆಲ್ಲಿ ಹೋಯಿತು ಅಂತ ಗಂಡನನ್ನು ಕೇಳಿದಳು.

"ಹೊಗೆಯಾಗಿ ಹೋಯ್ತು ಕಣೇ," ಅಂದ ದಾಸಪ್ಪ.

"ಎಲ್ಲಾನೂ ಹೊಗೇನೇ ಆಗಿದ್ರೆ ಮುದ್ದೆ ಬೇಯ್ಸಿದ್ದು ಯಾರು?"

ದಾಸಪ್ಪ ನಶ್ಯ ಏರಿಸಿಕೊಂಡು ಹೊರಗೆ ಹೋದ. ಹೀಗೆ ಅವನು ಹೊರಗೆ ಹೋದದ್ದನ್ನೇ ಎಣಿಸಿದ್ದರೆ ಅದೊಂದು ಬೇರೆ ಕತೆಯಾಗುತ್ತಿತ್ತು. ಊರವರು ಅವಳಿಗೆ ತಕ್ಕಡಿ ಮೂಡ್ಲಕ್ಕ ಅಂತ ಹೆಸರಿಟ್ಟರು. ಅವಳಿಗದು ಬೇಸರವಾಗಲಿಲ್ಲ. ಹೆಸರು ಕರೆದವರನ್ನು ನಿಲ್ಲಿಸಿಕೊಂಡು, ನಿಮ್ಮ ಗೋಣಿಚೀಲ ಮಳೆಗಾಲದಲ್ಲಿ ಎಷ್ಟು ತೂಗುತ್ತೆ ಗೊತ್ತಾ ಅಂತ ಶುರು ಮಾಡುತ್ತಿದ್ದಳು. ಅವರೇ ತಪ್ಪಿಸಿಕೊಂಡು ಓಡುತ್ತಿದ್ದರು.

ಬಾವಿಗೆ ಒಂದು ಕಟ್ಟಳೆಯಿತ್ತು. ಮನೆಮನೆಗೂ ನೀರಿನ ಸರದಿ. ಸರದಿ ಬಂದವರು ಮುಂಜಾನೆ ಎತ್ತು ಕಟ್ಟಿ, ಮೊದಲು ಊರ ದನ ಕುಡಿಯುವ ಕಲ್ಲುತೊಟ್ಟಿ ತುಂಬಿಸಬೇಕು. ಬಿಸಿಲು ಗಂಗಮ್ಮನ ಗುಡಿಯ ಹೊಸ್ತಿಲು ಮುಟ್ಟುವುದರೊಳಗೆ ತೊಟ್ಟಿ ತುಂಬಿದರೆ, ಹೊತ್ತು ಮುಳುಗುವತನಕ ನೀರು ಅವರ ಮಡಿಗೆ. ತುಂಬದಿದ್ದರೆ ಆ ದಿನದ ನೀರಿಲ್ಲ. ಮತ್ತೆ ಮತ್ತೆ ತುಂಬದಿದ್ದರೆ ಆ ಮನೆಯ ಸರದಿಯೇ ಹೋಗಿ, ಗಟ್ಟಿ ಎತ್ತು ಇದ್ದವರ ಪಾಲಾಗುತ್ತದೆ. ದನದ ಬಾಯಿ ಒಣಗಿಸಿ ಈರುಳ್ಳಿ ಬೆಳೆಯುವ ಹಾಗಿಲ್ಲವಲ್ಲ, ನ್ಯಾಯವಾದ ಕಟ್ಟಳೆಯೇ.

ಆ ವರ್ಷ ಗಿಡ್ಡ ಮಚ್ಚರ ಕೈಲಿ ತೊಟ್ಟಿ ತುಂಬಿಸಲು ಆಗಲಿಲ್ಲ. ಒಂದು ಸರದಿ ಹೋಯಿತು, ಇನ್ನೊಂದೂ ಹೋಯಿತು. ಬಿಸಿಲು ಹೊಸ್ತಿಲು ಮುಟ್ಟುವಾಗ ತೊಟ್ಟಿಯಲ್ಲಿ ಒಂದು ಗೇಣು ಬಾಕಿ. ಎತ್ತುಗಳು ನಿಂತಲ್ಲೇ ನಡುಗುತ್ತಿದ್ದವು, ಬಾಯಿಂದ ನೊರೆ. ಊರಲ್ಲಿ ಆನೆಯಂಥ ಜೋಡಿ ಇದ್ದದ್ದು ಸಣ್ಣೀರೇಗೌಡನಿಗೆ. ಅವನು ಕೆಟ್ಟವನಲ್ಲ, ಆದರೆ ಎತ್ತಿನ ವಿಷಯ ಬಂದರೆ ಬಾಯಿ ನಿಲ್ಲುತ್ತಿರಲಿಲ್ಲ.

"ಏನಮ್ಮಿ ಮೂಡ್ಲಕ್ಕ, ಅವು ಎತ್ತಾ? ನಾನು ಇಷ್ಟು ದಿನ ಕೊಂಬಿರೋ ಮೇಕೆ ಅನ್ಕೊಂಡಿದ್ದೆ."

"ಮೇಕೆ ಆಗಿದ್ರೆ ಹಾಲಾದ್ರೂ ಕರೀತಿದ್ದೆ ಗೌಡ್ರೇ."

ಜನ ನಕ್ಕರು. ಆದರೆ ನಗುವಿನಿಂದ ತೊಟ್ಟಿ ತುಂಬಲಿಲ್ಲ. ಹಿರಿಯರು ಕಟ್ಟೆಯ ಮೇಲೆ ಕೂತು ಹೇಳಿದರು. ಮುಂದಿನ ಸರದಿ ಅಮಾವಾಸ್ಯೆಯ ಮಾರನೆಯ ದಿನ, ಅಂದೂ ತೊಟ್ಟಿ ತುಂಬದಿದ್ದರೆ ಅವಳ ಸರದಿ ಗೌಡನಿಗೆ. ಸರದಿ ಹೋದರೆ ಮಡಿ ಒಣಗುತ್ತದೆ, ಮಡಿ ಒಣಗಿದರೆ ಎತ್ತು ಮಾರಬೇಕು, ಎತ್ತು ಮಾರಿದರೆ ಗಂಡ ಹೆಂಡತಿ ಇಬ್ಬರೂ ಗೌಡನ ಹೊಲದಲ್ಲಿ ಕೂಲಿ. ದಾಸಪ್ಪ ಆ ದಿನ ನಶ್ಯದ ಡಬ್ಬಿ ತೆಗೆಯಲೇ ಇಲ್ಲವಂತೆ. ಮೂಡ್ಲಕ್ಕ ಮಾತ್ರ ಎತ್ತುಗಳ ಮೈ ಸವರುತ್ತ ನಿಂತಿದ್ದಳು. ಅವಳಿಗೆ ಅಳುವುದಕ್ಕಿಂತ ಮೊದಲು ಒಂದು ಪ್ರಶ್ನೆ ಬಂದುಬಿಟ್ಟಿತ್ತು. ಹೋದ ವರ್ಷ ಇವೇ ಎತ್ತು, ಇದೇ ತೊಟ್ಟಿ. ಹುಲ್ಲು ಕಡಿಮೆಯಾಗಿಲ್ಲ, ಹುರುಳಿ ಕಡಿಮೆಯಾಗಿಲ್ಲ, ಮೈ ಇಳಿದಿಲ್ಲ. ಹಾಗಾದರೆ ಇವು ಹಾಕಿದ ಶಕ್ತಿ ತೊಟ್ಟಿಗೆ ಬರದೆ ದಾರಿಯಲ್ಲಿ ಎಲ್ಲಿ ಇಳಿದುಹೋಯಿತು?

ಎತ್ತಿನಿಂದ ತೊಟ್ಟಿಯವರೆಗೆ ದಾರಿ ಉದ್ದವೇನಲ್ಲ. ನೊಗ, ಹಗ್ಗ, ರಾಟೆ, ಚೀಲ, ಕಾಲುವೆ. ಇಷ್ಟರಲ್ಲಿ ಯಾರೋ ತಿನ್ನುತ್ತಿದ್ದಾರೆ ಅಂದುಕೊಂಡಳು. ಯಾರು ಅಂತ ಹಿಡಿಯಬೇಕು.

ಮೊದಲು ಚೀಲದ ಮೇಲೆ ಅನುಮಾನ. ಬೇರೆಯವರ ಸರದಿಯ ದಿನ ಬಾವಿಯ ಅಂಚಿಗೆ ಬೋರಲು ಮಲಗಿ, ತಲೆ ಒಳಗೆ ಹಾಕಿ, ಕಣ್ಣುಮುಚ್ಚಿ ಕಿವಿಗೊಟ್ಟಳು. ಚೀಲ ಮೇಲೆ ಬರುವಷ್ಟು ಹೊತ್ತೂ ಟಪಟಪ ಟಪಟಪ, ಕೆಳಗೆ ಮಳೆ ಬಂದ ಹಾಗೆ. "ಬಾವಿಗೆ ಬಿದ್ದೀಯ, ಏಳು" ಅಂತ ಹೆಂಗಸರು ಕಾಲು ಹಿಡಿದು ಎಳೆದರು. ಎದ್ದು ಬಂದವಳೇ, ಅರ್ಧ ಚೀಲದ ನೀರು ಬಾವಿಯಿಂದ ಹೊರಟು ಬಾವಿಗೇ ವಾಪಸ್ಸು ಹೋಗುತ್ತಿದೆ, ಎತ್ತು ಎಳೆಯುತ್ತಿರುವುದು ಯಾರಿಗಾಗಿ ಅಂತ ಕೂಗಾಡಿದಳು. ಅರ್ಧ ಅಂದದ್ದು ಸಿಟ್ಟಿಗೆ. ಆಮೇಲೆ ಕೊಡದಲ್ಲಿ ಅಳೆದು ನೋಡಿದಾಗ ಅಷ್ಟಿರಲಿಲ್ಲ. ತೊಗಲು ಹೊಲಿಯುವವನನ್ನು ಕರೆಸಿ ಹೊಲಿಗೆ ಹಾಕಿಸಿದಳು. ಸೋರುವುದು ನಿಂತಿತು. ಎಲ್ಲರ ಸರದಿಯಲ್ಲೂ ತೊಟ್ಟಿ ಸ್ವಲ್ಪ ಬೇಗ ತುಂಬತೊಡಗಿತು. ಆದರೆ ಗಿಡ್ಡ ಮಚ್ಚರನ್ನು ಒಂದಿಷ್ಟು ಹೊತ್ತು ಕಟ್ಟಿ ನೋಡಿದರೆ ಅದೇ ನಡುಕ, ಅದೇ ನೊರೆ.

ಆಮೇಲೆ ಹಗ್ಗ. ಒಣ ಹಗ್ಗ ತೂಗಿದಳು, ನೆನೆದ ಹಗ್ಗ ತೂಗಿದಳು. ನೆನೆದದ್ದು ಭಾರವೇ, ಆದರೆ ಹೋದ ವರ್ಷವೂ ಹಗ್ಗ ನೆನೆಯುತ್ತಿತ್ತಲ್ಲ. ಆಮೇಲೆ ಗಂಡನನ್ನೇ ತೂಗಲು ಹೊರಟಳಂತೆ. ಹಗ್ಗದ ಮೇಲೆ ಕೂರುವವನು ಅವನು, ಅವನೇನಾದರೂ ಸೊರಗಿದನೋ ಅಂತ. ದಾಸಪ್ಪ ತಕ್ಕಡಿ ಕಂಡವನೇ ಹಿತ್ತಲ ಬೇಲಿ ಹಾರಿದ. ಹಾರಿದ ರೀತಿ ನೋಡಿ, ಇವನು ಸೊರಗಿಲ್ಲ ಅಂತ ತೀರ್ಮಾನ ಮಾಡಿದಳು.

ಉಳಿದದ್ದು ರಾಟೆ. ರಾಟೆಯ ಮೇಲೆ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಅದು ಗಂಗಮ್ಮನ ಬಾಯಿ. ಮೂಡ್ಲಕ್ಕನಿಗೂ ಭಕ್ತಿ ಇತ್ತು, ಸುಳ್ಳಲ್ಲ. ಅದಕ್ಕೇ ಅವಳು ಅದನ್ನು ಕೊನೆಗೆ ಇಟ್ಟುಕೊಂಡಿದ್ದು. ಒಂದು ಮಧ್ಯಾಹ್ನ ಗೌಡನ ಸರದಿ. ಆನೆಯಂಥ ಎತ್ತುಗಳೂ ಏದುಸಿರು ಬಿಡುತ್ತಿದ್ದುದನ್ನು ಅವಳು ನೋಡಿದಳು. ಗೌಡ ಊಟಕ್ಕೆ ಎತ್ತು ಬಿಚ್ಚಿದ ಕೂಡಲೇ, ಕೈಮುಗಿದು, ತಾಯಿ ತಪ್ಪು ತಿಳೀಬೇಡ ಅಂತ ಹೇಳಿಕೊಂಡು ರಾಟೆಯ ಅಚ್ಚಿನ ಮೇಲೆ ಅಂಗೈ ಇಟ್ಟಳು.

ಇಟ್ಟವಳು ಹೌಹಾರಿ ಕೈ ಕಿತ್ತುಕೊಂಡಳು. ಅಚ್ಚು ರೊಟ್ಟಿ ಹಂಚಿನ ಹಾಗೆ ಸುಡುತ್ತಿತ್ತು!

ಬಿಸಿಲಿಗೆ ಕಾದಿದೆ ಅಂದುಕೊಂಡು ಪಕ್ಕದ ಕಲ್ಲುಕಂಬ ಮುಟ್ಟಿದಳು. ಬೆಚ್ಚಗೆ, ಅಷ್ಟೆ. ಮತ್ತೆ ಅಚ್ಚು ಮುಟ್ಟಿದಳು. ಸುಡುತ್ತಿದೆ. ಅಲ್ಲಿ ಒಲೆಯಿಲ್ಲ, ಬೆಂಕಿಯಿಲ್ಲ, ಸೌದೆಯಿಲ್ಲ. ಕಾಯಿಸಿದ್ದು ಯಾರು? ಅಲ್ಲೇ ಕೆಳಗೆ ಕೂತುಬಿಟ್ಟಳಂತೆ. ಕೂತು ಎತ್ತುಗಳನ್ನು ನೋಡಿದಳು, ಅಚ್ಚನ್ನು ನೋಡಿದಳು, ಮತ್ತೆ ಎತ್ತುಗಳನ್ನು ನೋಡಿದಳು. ಎತ್ತಿನ ಹೊಟ್ಟೆಗೆ ಹಾಕಿದ ಹುಲ್ಲು ಇಲ್ಲಿ ಬಂದು ಉರಿಯುತ್ತಿದೆ! ನೀರು ಮೇಲೆತ್ತಬೇಕಾದ ಶಕ್ತಿಯಲ್ಲಿ ಒಂದು ಪಾಲು ಈ ಅಚ್ಚನ್ನು ಕಾಯಿಸಿಕೊಂಡು, ಕುಂಯ್ಯ್ ಅಂತ ಹಾಡಿಕೊಂಡು ಹೋಗಿಬಿಡುತ್ತಿದೆ. ಊಟ ಮುಗಿಸಿ ಬಂದ ಗೌಡ, ತನ್ನ ಎತ್ತಿನ ಮುಂದೆ ನೆಲದ ಮೇಲೆ ಕೂತು ತನ್ನಷ್ಟಕ್ಕೆ ನಗುತ್ತಿದ್ದ ಹೆಂಗಸನ್ನು ಕಂಡು, ಪಾಪ, ಸರದಿಯ ಚಿಂತೆಗೆ ತಲೆ ಕೆಟ್ಟಿದೆ ಅಂತ ಒಂದು ಹಿಡಿ ಕಡಲೇಕಾಯಿ ಕೊಟ್ಟನಂತೆ. ಅವಳು ಅದನ್ನೂ ತಿಂದಳು.

ತಿನ್ನುತ್ತಿದೆ ಅನ್ನುವುದು ಗೊತ್ತಾಯಿತು. ಎಷ್ಟು ತಿನ್ನುತ್ತಿದೆ? ಇದು ಅವಳ ಮುಂದಿನ ಪ್ರಶ್ನೆ. ಇದಕ್ಕೆ ಅವಳಿಗೆ ದಾರಿ ತೋರಿಸಿದ್ದು ಅವಳ ತಕ್ಕಡಿ. ಆ ಕಡೆ ಒಂದು ಭಾರ, ಈ ಕಡೆ ಒಂದು ಭಾರ, ನಡುವೆ ಒಂದು ಆಧಾರ. ರಾಟೆಯೂ ಇಷ್ಟೇ ತಾನೆ? ತಕ್ಕಡಿಯ ತಟ್ಟೆಗಳು ಸಮನಾಗಿ ನಿಂತಾಗ ಒಂದು ಒಣಮೆಣಸಿನಕಾಯಿ ಹಾಕಿದರೂ ಆ ಕಡೆ ಬಾಗುತ್ತದೆ, ಏಕೆಂದರೆ ತಕ್ಕಡಿ ನಡುವೆ ನುಂಗುವುದು ಇಲ್ಲವೆನ್ನುವಷ್ಟೇ. ರಾಟೆ ಎಷ್ಟಕ್ಕೆ ಬಾಗುತ್ತದೆ ನೋಡಿದರಾಯಿತು.

ಒಂದೇ ತೂಕದ ಕಲ್ಲುಗಳನ್ನು ತೂಗಿ ತೂಗಿ ಆರಿಸಿದಳು. ರಾಟೆಯ ಮೇಲೆ ಒಂದು ಹಗ್ಗ ಹಾಯಿಸಿ, ಎರಡು ತುದಿಗೂ ಒಂದೊಂದು ಬಿದಿರಿನ ಮಂಕರಿ ಕಟ್ಟಿ ಬಾವಿಯ ಕಡೆಗೆ ಇಳಿಬಿಟ್ಟಳು. ಆ ಮಂಕರಿಗೆ ಮೂರು ಕಲ್ಲು, ಈ ಮಂಕರಿಗೆ ಮೂರು ಕಲ್ಲು. ಅಲುಗಲಿಲ್ಲ, ಸರಿ. ಊರು ಸೇರಿತು. ಗಂಗಮ್ಮನ ಪೂಜಾರಿ ಮೈಲಾರಪ್ಪ ಮುಂದೆ ಬಂದು ನಿಂತ. ಮೂಡ್ಲಕ್ಕ ಒಂದು ಮೆಣಸಿನಕಾಯಿ ಎತ್ತಿ ಎಲ್ಲರಿಗೂ ತೋರಿಸಿ ಮಂಕರಿಗೆ ಹಾಕಿದಳು. ಅಲುಗಲಿಲ್ಲ. ಒಂದು ಈರುಳ್ಳಿ ಹಾಕಿದಳು. ಅಲುಗಲಿಲ್ಲ. ಒಂದು ಕುಂಬಳಕಾಯಿ ಹಾಕಿದಳು.

"ಒಗ್ಗರಣೆ ಯಾವಾಗ ಹಾಕ್ತೀಯಕ್ಕ?" ಅಂತ ಹಿಂದಿನಿಂದ ಯಾರೋ ಕೂಗಿದರು.

ಅಷ್ಟಕ್ಕೂ ರಾಟೆ ಜಗ್ಗಲಿಲ್ಲ. ಎಲ್ಲ ತೆಗೆದು, ನಾಲ್ಕನೆಯ ಕಲ್ಲನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಇಟ್ಟಳು. ಆಗ ರಾಟೆ ಕುಂಯ್ಯ್ ಎಂದು ಒಂದು ಸುತ್ತು ತಿರುಗಿತು. ನಾಲ್ಕು ಕಲ್ಲಿನ ಮಂಕರಿ ಇಳಿಯಿತು, ಮೂರು ಕಲ್ಲಿನದು ಏರಿತು.

"ನೋಡಿದ್ರಾ," ಅಂದಳು ಮೂಡ್ಲಕ್ಕ. "ನಾಲ್ಕು ಕೊಟ್ರೆ ಮೂರು ಎತ್ತುತ್ತೆ. ನಾಲ್ಕನೇದು ರಾಟೆ ತುತ್ತು. ನಮ್ಮ ಎತ್ತು ನಾಲ್ಕು ಹೆಜ್ಜೆ ಎಳೆದ್ರೆ ಒಂದು ಹೆಜ್ಜೆ ಈ ಅಚ್ಚು ಕಾಯ್ಸೋಕೆ ಹೋಗ್ತೈತೆ. ವರ್ಷ ವರ್ಷ ಅಚ್ಚು ಸವೆದಂಗೆಲ್ಲ ಇದರ ಹಸಿವು ಜಾಸ್ತಿ ಆಗ್ತೈತೆ."

ಈಗಿನ ಕಾಲೇಜು ಹುಡುಗರು ಇದನ್ನು ಯಂತ್ರದ ದಕ್ಷತೆ ಅನ್ನುತ್ತಾರೆ. ಪಡೆದದ್ದನ್ನು ಕೊಟ್ಟದ್ದರಿಂದ ಭಾಗಿಸಿ ನೂರರಿಂದ ಗುಣಿಸಿ, ಶೇಕಡಾ ಎಪ್ಪತ್ತೈದು ಅಂತ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಾರೆ. ಮೂಡ್ಲಕ್ಕ ಗೆರೆ ಎಳೆಯಲಿಲ್ಲ, ಕೀಲೆಣ್ಣೆಯ ಮಡಕೆ ತೆಗೆದಳು. ಮಡಕೆ ಕಂಡದ್ದೇ ಜನ ಹಿಂದಕ್ಕೆ ಸರಿದರು.

ಮೈಲಾರಪ್ಪ ಸಿಟ್ಟು ಮಾಡಲಿಲ್ಲವಂತೆ. ಅದೇ ಈ ಕತೆಯ ಸೊಗಸು. ಅವನು ಕಲ್ಲುಗಳನ್ನು ನೋಡಿದ, ಎಣಿಸಿದ, ತಲೆದೂಗಿದ. ನಿನ್ನ ಲೆಕ್ಕ ಸರಿಯಾಗಿದೆ ತಾಯಿ ಅಂದ. ಇಷ್ಟು ದಿನ ಅಮ್ಮನಿಗೆ ಎಷ್ಟು ಸಲ್ಲುತ್ತಿದೆ ಅಂತ ನಮಗೆ ಗೊತ್ತಿರಲಿಲ್ಲ, ನೀನು ತೂಗಿ ತೋರಿಸಿದೆ. ನಾಲ್ಕರಲ್ಲಿ ಮೂರು ನಮಗೆ, ಒಂದು ಗಂಗಮ್ಮನ ಪಾಲು. ಅವಳ ನೀರು, ಅವಳ ಪಾಲು ಅವಳು ತಗೊಳ್ಳುತ್ತಾಳೆ, ಅದಕ್ಕೆ ಎಣ್ಣೆ ಹಾಕಿ ಕಿತ್ತುಕೊಳ್ಳುವುದು ಹೇಗೆ? ಎಂದು ಕೇಳಿದ. ಊರೆಲ್ಲ ಹೌದು ಹೌದು ಎಂದಿತು. ಕೆಲವರು ಆ ನಾಲ್ಕನೆಯ ಕಲ್ಲಿಗೆ ಕುಂಕುಮ ಇಟ್ಟು ಕೈಮುಗಿದೂ ಬಿಟ್ಟರು. ಮೂಡ್ಲಕ್ಕ ಲೆಕ್ಕ ಒಪ್ಪಿಸಿದ್ದಳು, ಲೆಕ್ಕವೇ ಅವಳ ಎದುರು ನಿಂತಿತ್ತು.

ಮನೆಗೆ ಬಂದು ಮಡಕೆ ಮೂಲೆಗಿಟ್ಟಳು. ನಾಳಿದ್ದು ಸರದಿ, ಹಟ್ಟಿ ಖಾಲಿಯಾಗುವ ದಿನ ಅಂತಲೇ ಅವಳಿಗೂ ಅನ್ನಿಸಿತು. ದಾಸಪ್ಪ ಎತ್ತುಗಳ ಕೊರಳ ಗಂಟೆ ಬಿಚ್ಚಿ ಒರೆಸುತ್ತ ಕೂತಿದ್ದ. ಮಾರುವಾಗ ಗಂಟೆ ಇಟ್ಟುಕೊಳ್ಳೋಣವಾ ಅಂತ ಕೇಳಿದ. ಅವಳು ಗಿಡ್ಡನ ಹೆಗಲ ಮೇಲಿನ ಗಾಯಕ್ಕೆ ಅರಿಶಿನ ಹಚ್ಚುತ್ತ ಯೋಚಿಸುತ್ತಿದ್ದಳು. ಪೂಜಾರಿಯ ಮಾತಿನಲ್ಲಿ ತಪ್ಪಿದೆ ಅಂತ ಅವಳಿಗೆ ಅನ್ನಿಸಲಿಲ್ಲ. ದೇವರ ಪಾಲು ದೇವರಿಗೆ ಸಲ್ಲಲೇಬೇಕು. ಆದರೆ ಪಾಲು ಕೊಡುವವರು ಯಾರು? ಇಲ್ಲಿ ತನಕ ಕೊಟ್ಟವರು ಯಾರು? ಅರಿಶಿನದ ಕೈ ಅಲ್ಲಿಗೇ ನಿಂತಿತು.

"ಅಂದ್ರೆ," ಅಂದಳು ಗಂಡನಿಗೆ, "ಎತ್ತು ಯಾವತ್ತಾದ್ರೂ ಹರಕೆ ಕಟ್ಕೊಂಡದ್ದು ಕಂಡಿದೀರಾ?"

ದಾಸಪ್ಪ ಗಾಬರಿಯಾಗಿ ಅವಳ ಹಣೆ ಮುಟ್ಟಿ ನೋಡಿದ.

ಅಮಾವಾಸ್ಯೆಯ ಮಾರನೆಯ ಮುಂಜಾನೆ ಊರು ಬಾವಿಯ ಹತ್ತಿರ ನೆರೆದಿತ್ತು. ಗೌಡ ಬಂದಿದ್ದ, ಹಿರಿಯರು ಬಂದಿದ್ದರು. ಮೂಡ್ಲಕ್ಕ ಎತ್ತುಗಳನ್ನು ಹೊಡೆದುಕೊಂಡು ಬಂದಳು. ಬಂದು, ನೊಗಕ್ಕೆ ಕಟ್ಟಲಿಲ್ಲ. ಒಂದು ಕಡೆ ನೆರಳಿಗೆ ನಿಲ್ಲಿಸಿ ಹುಲ್ಲು ಹಾಕಿದಳು. ಯಾಕೆ ಅಂದರು. ಅವಳು ಮೈಲಾರಪ್ಪನ ಮುಂದೆ ಹೋಗಿ ಕೈಮುಗಿದು ನಿಂತಳು.

"ಪೂಜಾರಪ್ಪ, ಅಮ್ಮಂಗೆ ಹಾಡು ಕೇಳಿಸ್ಬೇಕು ಅನ್ನೋದು ಯಾರ ಹರಕೆ?"

"ಊರಿಂದು ತಾಯಿ. ನಮ್ಮ ಹಿರೀಕರು ಹೊತ್ತಿದ್ದು."

"ಊರಿಂದು. ಎತ್ತಿಂದಲ್ಲ?"

"ಎತ್ತಿಗೆಂಥ ಹರಕೆ?"

"ಹಂಗಾದ್ರೆ ಅಮ್ಮನ ಪಾಲು ಊರೇ ಎಳೀಲಿ. ಹರಕೆ ನಮ್ದು, ಹೆಗಲು ಅವುಗಳದ್ದು ಅಂದ್ರೆ ಅಮ್ಮ ಒಪ್ತಾಳಾ ಕೇಳಿ. ಮೊದಲು ನಾವು ಹಾಡಿಸಿ ಅವಳ ಪಾಲು ಸಲ್ಲಿಸೋಣ. ಆಮೇಲೆ ನಮ್ಮ ಪಾಲಿನ ಮೂರನ್ನ ಎತ್ತು ಎಳೀಲಿ."

ಸಣ್ಣೀರೇಗೌಡ ತೊಡೆ ತಟ್ಟಿಕೊಂಡು ನಕ್ಕ. ಇಷ್ಟೇನಾ, ಬನ್ರೋ, ಈ ಮೇಕೆ ಎಳೆಯೋದನ್ನ ನಾವು ಎಳೆಯೋಕಾಗಲ್ವಾ ಅಂತ ಪಂಚೆ ಎತ್ತಿ ಕಟ್ಟಿದ. ಗಟ್ಟಿ ಆಳುಗಳು ಸೇರಿದರು. ಹರಕೆಯ ಮಾತು ಬಂದದ್ದರಿಂದ ಮೈಲಾರಪ್ಪನೂ ಹಿಂದೆ ನಿಲ್ಲುವ ಹಾಗಿರಲಿಲ್ಲ. ಉತ್ತರೀಯ ತೆಗೆದಿಟ್ಟು ಹಗ್ಗಕ್ಕೆ ಕೈ ಹಾಕಿದ.

ಎಳೆದರು. ಕುಂಯ್ಯ್ ಎಂದು ಹಾಡು ಶುರುವಾಯಿತು. ಕೆಳಗೆ ಚೀಲ ನೀರಿನಿಂದ ಎದ್ದ ಕೂಡಲೇ ಹಗ್ಗ ಬಿಗಿದು, ಇಳಿಜಾರಿನಲ್ಲಿ ಅಂಗಾಲುಗಳು ಜಾರಿದವು. ಕಾಲಿಗೆ ಕಲ್ಲು ಸಿಕ್ಕವರು ನಿಂತರು, ಸಿಗದವರು ಕೂತರು. ಗೌಡ ಕೂತ. ಕೂತಲ್ಲಿಂದಲೇ ಎಳೀರೋ ಎಳೀರೋ ಅಂತ ಕೂಗಿದ. ಒಂದು ಚೀಲ ಬಂತು. ಹೆಂಗಸರು ಚಪ್ಪಾಳೆ ಹೊಡೆದರು. ಎರಡನೆಯದು ಬರುವಾಗ ಚಪ್ಪಾಳೆ ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಮೂರನೆಯದು ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಹಗ್ಗ ಬಿಡುವ ಹಾಗಿಲ್ಲ, ಎಳೆಯುವ ಹಾಗಿಲ್ಲ. ಎಲ್ಲರ ಅಂಗೈಯೂ ಕೆಂಪು.

"ಅವ್ವಾ, ಇನ್ನೂ ಎಷ್ಟು ಹಾಡ್ಸಬೇಕವ್ವಾ?" ಅಂತ ಒಬ್ಬ ಅಳುದನಿ ತೆಗೆದ.

"ಅದು ಪೂಜಾರಪ್ಪನ ಕೇಳಿ," ಅಂದಳು ಮೂಡ್ಲಕ್ಕ. "ನಂಗೇನು ಗೊತ್ತು? ಗಿಡ್ಡ ಮಚ್ಚ ಆಗಿದ್ರೆ ಹೊಸ್ತಿಲಿಗೆ ಬಿಸಿಲು ಬರೋತನಕ ಹಾಡಿಸ್ತಿದ್ವು."

ಮೈಲಾರಪ್ಪನ ಬೆವರು ಮೂಗಿನ ತುದಿಯಿಂದ ಹಗ್ಗದ ಮೇಲೆ ಬೀಳುತ್ತಿತ್ತು. ಅವನ ಕಣ್ಣು ರಾಟೆಯ ಮೇಲಿತ್ತು. ಹುಟ್ಟಿದಾಗಿನಿಂದ ಆ ಹಾಡು ಕೇಳಿದ್ದ, ತೋಳಿನಿಂದ ಕೇಳಿದ್ದು ಅದೇ ಮೊದಲು. ಒಂದೊಂದು ಕುಂಯ್ಯಿಗೂ ಭುಜದ ಕೀಲಿನಲ್ಲಿ ಏನೋ ಒಂದು ತುಂಡು ಕಿತ್ತುಹೋದ ಹಾಗಾಗುತ್ತಿತ್ತಂತೆ. ಹಗ್ಗವನ್ನು ಪಕ್ಕದವನಿಗೆ ಕೊಟ್ಟು, ಗುಡಿಯೊಳಗೆ ಹೋದ. ಅಮ್ಮನ ಮುಡಿಯಿಂದ ಹೂ ಕೇಳಿದ. ಬಲಕ್ಕೆ ಬಿದ್ದರೆ ಎಣ್ಣೆ, ಎಡಕ್ಕೆ ಬಿದ್ದರೆ ಇಲ್ಲ. ಹೂ ಬಲಕ್ಕೆ ಬಿತ್ತು. ಕೂಡಲೇ ಬಿತ್ತು ಅಂತ ಕೆಲವರು, ಪೂಜಾರಿ ಬೆವರು ಒರೆಸಿಕೊಳ್ಳುವಾಗ ಮೊಣಕೈ ತಾಗಿತು ಅಂತ ಕೆಲವರು. ಗಂಗಮ್ಮನಿಗೇ ಆ ಗಂಡಸರ ಅವಸ್ಥೆ ನೋಡಲಾಗಲಿಲ್ಲ ಅಂತ ನಮ್ಮ ಕಡೆಯ ಹೆಂಗಸರು ಹೇಳುತ್ತಾರೆ.

ಚೀಲ ಇಳಿಸಿದರು. ಮೈಲಾರಪ್ಪ ತಾನೇ ಕೀಲೆಣ್ಣೆಯಲ್ಲಿ ಬೆರಳದ್ದಿ, ಮೊದಲು ಅಚ್ಚಿಗೆ ಬೊಟ್ಟಿಟ್ಟು, ಆಮೇಲೆ ಧಾರಾಳವಾಗಿ ಬಳಿದ. ಬಿಸಿಲು ಆಗಲೇ ಗುಡಿಯ ಮೆಟ್ಟಿಲಿಗೆ ಬಂದಿತ್ತು. ಮೂಡ್ಲಕ್ಕ ಗಿಡ್ಡ ಮಚ್ಚರನ್ನು ಕಟ್ಟಿದಳು. ದಾಸಪ್ಪ ಹಗ್ಗದ ಮೇಲೆ ಕೂತು ಹೋ ಅಂದ.

ಎತ್ತುಗಳು ಎಂದಿನ ಬಿಗಿಗೆ ಮೈ ಗಟ್ಟಿಮಾಡಿಕೊಂಡು ಹೆಜ್ಜೆ ಇಟ್ಟವು. ಇಟ್ಟ ಕಾಲು ತಾನಾಗಿ ಮುಂದೆ ಹೋಯಿತು. ಎರಡೂ ಮುಗ್ಗರಿಸಿ, ತಲೆಯೆತ್ತಿ, ಹಿಂದೆ ಹಗ್ಗ ಇದೆಯೋ ಇಲ್ಲವೋ ಎಂಬಂತೆ ತಿರುಗಿ ನೋಡಿದವಂತೆ. ರಾಟೆ ತಿರುಗುತ್ತಿತ್ತು, ಸದ್ದಿರಲಿಲ್ಲ. ಇಷ್ಟು ವರ್ಷ ಯಾರಿಗೂ ಕೇಳಿಸದಿದ್ದ ಎತ್ತಿನ ಉಸಿರು, ಗಂಟೆ, ಹಗ್ಗದ ನೀರು ತೊಟ್ಟಿಕ್ಕುವುದು ಎಲ್ಲ ಕೇಳಿಸಿತು. ಜನ ಬಾವಿಯ ಅಂಚಿಗೆ ಬಗ್ಗಿದರು. ಮೂಕ ರಾಟೆಗೆ ಗಂಗಮ್ಮ ಬರುತ್ತಾಳೋ ಇಲ್ಲವೋ? ಮೂಡ್ಲಕ್ಕ ಬಗ್ಗಲಿಲ್ಲ. ಕಂಬ ಹಿಡಿದು ಕಣ್ಣು ಮುಚ್ಚಿ ನಿಂತಿದ್ದಳು. ಕಡೆಗೆ ಮೊಗಚಿದ ನೀರು ಕಾಲುವೆಗೆ ಬಿದ್ದ ಸದ್ದಾಯಿತು. ತುಂಬಿದ ಚೀಲ!

ಬಿಸಿಲು ಹೊಸ್ತಿಲು ಮುಟ್ಟುವ ಮುಂಚೆ ತೊಟ್ಟಿ ತುಂಬಿ ಹೊರಗೆ ಚೆಲ್ಲಿತು. ಸಣ್ಣೀರೇಗೌಡ ಎದ್ದು ಬಂದು, ಪಂಚೆಯ ಹಿಂಭಾಗದ ಮಣ್ಣು ಕೊಡವಿಕೊಂಡು, ತೊಟ್ಟಿಯ ನೀರಲ್ಲಿ ಅಂಗೈ ಅದ್ದಿಕೊಂಡು ಕೂತ. "ನಿನ್ನ ಮೇಕೆ ಪರವಾಗಿಲ್ಲ ಕಣಮ್ಮಿ" ಅಂದನಂತೆ. ಅವಳ ಸರದಿ ಅವಳಿಗೇ ಉಳಿಯಿತು. ಆ ವರ್ಷದ ಈರುಳ್ಳಿ ಒಂದೊಂದೂ ತೆಂಗಿನಕಾಯಿ ಗಾತ್ರ ಇತ್ತು ಅಂತಾರೆ. ಇಷ್ಟು ದೂರ ನಂಬಿದ ಮೇಲೆ ಅದನ್ನೂ ನಂಬಬಹುದು.

ಅಲ್ಲಿಂದ ಮೂಡ್ಲಕ್ಕನ ಹೆಸರು ಸುತ್ತಲ ಊರಿಗೆ ಹೋಯಿತು. ಗಾಣದವರು ಕರೆದರು, ಆಲೆಮನೆಯವರು ಕರೆದರು. ಎಲ್ಲಿ ಹೋದರೂ ಅವಳು ಅದೇ ಮೂರು ಕೆಲಸ ಮಾಡುತ್ತಿದ್ದಳಂತೆ. ಸದ್ದಿಗೆ ಕಿವಿಗೊಡುವುದು, ಅಚ್ಚಿನ ಮೇಲೆ ಅಂಗೈ ಇಡುವುದು, ಆಮೇಲೆ ಕಲ್ಲು ಕಟ್ಟಿ ತೂಗುವುದು. ಗಾಣಕ್ಕೆ ಹೊಟ್ಟೆಬಾಕ ಅಂತ ಹೆಸರಿಟ್ಟಳು, ಕುಂಬಾರನ ಮಡಕೆ ಮಾಡುವ ತಿಗರಿಗೆ ಏಕಾದಶಿ ಅಂತ ಕರೆದಳು, ಅಷ್ಟು ಕಡಿಮೆ ತಿನ್ನುತ್ತಿತ್ತಂತೆ. ಏನೂ ತಿನ್ನದ ಯಂತ್ರ ಇದೆಯಾ ಅಂತ ಯಾರಾದರೂ ಕೇಳಿದರೆ ಅವಳ ಕಣ್ಣು ಅರಳುತ್ತಿತ್ತು. ಇನ್ನೂ ಕಂಡಿಲ್ಲ, ನಿಮ್ಮ ಕಡೆ ಕಂಡರೆ ಹೇಳಿ ಕಳಿಸಿ, ಎಷ್ಟು ದೂರ ಆದರೂ ತಕ್ಕಡಿ ಹೊತ್ತುಕೊಂಡು ಬರ್ತೀನಿ ಅನ್ನುತ್ತಿದ್ದಳಂತೆ. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಬೀಸುವ ಕಲ್ಲಿನ ಸದ್ದು ಕೇಳಿ, ಇವತ್ತು ಸೊಸೆ ಮೂರರಲ್ಲಿ ಎರಡು ಮಾತ್ರ ಬೀಸ್ತಿದಾಳೆ ಅಂದಳಂತೆ. ಸೊಸೆ ಎದ್ದು ಹೋಗಿ ಗೂಟ ಸರಿಮಾಡಿದಳಂತೆ.

ಆದರೆ ಊರಿಗೆ ಒಂದು ಬೇಸರ ಉಳಿದುಹೋಗಿತ್ತು. ರಾಟೆ ಮೂಕವಾದ ಮೊದಲ ದಿನಗಳಲ್ಲಿ ಯಾರಿಗೂ ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತಿರಲಿಲ್ಲ. ಹಟ್ಟಿಯ ದನಗಳು ನೀರಿನ ಹೊತ್ತಿಗೆ ಕಿವಿ ನಿಮಿರಿಸಿ ಕಾಯುತ್ತಿದ್ದವು. ಮೂಡ್ಲಕ್ಕನೇ ಬೆಳಗಿನ ಹೊತ್ತು ಅಂಗಳದಲ್ಲಿ ಪೊರಕೆ ಹಿಡಿದು ನಿಂತು ಬಾವಿಯ ಕಡೆ ಕಿವಿಗೊಡುತ್ತಿದ್ದಳು ಅಂತಾರೆ. ಅವಳಿಗೂ ಆ ಹಾಡು ಬೇಕಿತ್ತು. ತಿನ್ನುತ್ತಿತ್ತು ಅನ್ನುವುದು ನಿಜ, ಚೆನ್ನಾಗಿತ್ತು ಅನ್ನುವುದೂ ನಿಜ. ಕೊನೆಗೆ ಅವಳೇ ಮೈಲಾರಪ್ಪನ ಹತ್ತಿರ ಹೋಗಿ, ವರ್ಷಕ್ಕೊಂದು ದಿನ ಎಣ್ಣೆ ಒರೆಸಿ ಹಾಡಿಸೋಣ ಪೂಜಾರಪ್ಪ ಅಂದಳು. ಎಳೆಯುವುದು ಯಾರು ಅಂತ ಅವನು ಕೇಳಲೇ ಇಲ್ಲ. ಅಂಗೈ ನೋಡಿಕೊಂಡು ನಕ್ಕ.

ಕಪಿಲೆ ಹೋಗಿ ಕಾಲವೆಷ್ಟೋ ಆಯಿತು. ಪಂಪು ಬಂತು, ಮೋಟಾರು ಬಂತು, ಗುಂಡಿ ಒತ್ತಿದರೆ ನೀರು. ಆದರೆ ಕರೇಗುಂಡಿನಹಳ್ಳಿಯಲ್ಲಿ ಸಂಕ್ರಾಂತಿಯ ಮಾರನೆಯ ದಿನ ಈಗಲೂ ಹಳೆಯ ಬಾವಿಗೆ ರಾಟೆ ಏರಿಸುತ್ತಾರಂತೆ. ಬೂದಿ ಹಾಕಿ ತಿಕ್ಕಿ ಅಚ್ಚನ್ನು ಒಣಗಿಸುತ್ತಾರೆ. ಆ ದಿನ ನೆಂಟರು ಬರಲಿ, ಅಧಿಕಾರಿ ಬರಲಿ, ಹಗ್ಗಕ್ಕೆ ಕೈ ಹಾಕದೆ ಹಬ್ಬದ ಊಟವಿಲ್ಲ. ಎಳೆದ ಮೊದಲ ಚೀಲದ ನೀರು ಎತ್ತುಗಳಿಗೆ. ಈಗ ಆ ಊರಿನಲ್ಲಿ ಎತ್ತಿಲ್ಲ, ಎಲ್ಲ ಟ್ರಾಕ್ಟರು. ಅದಕ್ಕೆ ಪಕ್ಕದ ಊರಿನಿಂದ ಒಂದು ಜೋಡಿಯನ್ನು ವೀಳ್ಯ ಕೊಟ್ಟು ಕರೆತರುತ್ತಾರೆ. ಕೆಲಸಕ್ಕಲ್ಲ. ಮೈ ತೊಳೆದು, ಕೊಂಬಿಗೆ ಹೂ ಸುತ್ತಿ, ನೆರಳಿನಲ್ಲಿ ನಿಲ್ಲಿಸಿ, ಮುಂದೆ ಹಸಿ ಹುಲ್ಲು ಹರಡುತ್ತಾರೆ. ಕುಂಯ್ಯ್ ಎಂದು ರಾಟೆ ಹಾಡುತ್ತದೆ. ಇಳಿಜಾರಿನಲ್ಲಿ ಊರಿಗೆ ಊರೇ ಜಾರುತ್ತ, ಬೀಳುತ್ತ, ಏದುಸಿರು ಬಿಡುತ್ತ ಎಳೆಯುತ್ತದೆ. ಎತ್ತುಗಳು ಮೆಲುಕು ಹಾಕುತ್ತ ನೋಡುತ್ತವೆ.